ಏಳನೇ ಏಟು

ಅಣ್ಣ ಟೈರ್ ಅಂಗಡಿಯವನ ದವಡೆ ಮುರಿದದ್ದು ಒಂದು ಹಾಡಿನ ಸಲುವಾಗಿ. ಎಷ್ಟು ಹೇಳಿದರೂ ನ್ಯಾಯಾಧೀಶರ ತಲೆಗೆ ಇದು ಹೋಗಲಿಲ್ಲ. "ಹಾಡಿಗಾ?" ಎಂದು ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಕೇಳಿದರು. ಕಟಕಟೆಯಲ್ಲಿ ನಿಂತಿದ್ದ ಅಣ್ಣ, "ಹಾಡಿಗಲ್ಲ ಸ್ವಾಮಿ, ಡ್ರಮ್ಮಿಗೆ" ಅಂದ. ಹಿಂದೆ ಕೂತವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಎರಡು ವರ್ಷ ಜೈಲು ಎಂದು ತೀರ್ಪು ಕೊಟ್ಟು, ಅದನ್ನು ಅಲ್ಲಿಗೇ ತಡೆಹಿಡಿದು, "ಇನ್ನೊಂದು ಸಲ ಯಾರ ಮೇಲಾದರೂ ಕೈ ಎತ್ತಿದೆ ಅಂತ ನನ್ನ ಕಿವಿಗೆ ಬಿದ್ದರೆ ಮರುಮಾತಿಲ್ಲದೆ ಒಳಗೆ ಹೋಗ್ತೀಯ" ಎಂದರು. ಅಣ್ಣ ತಲೆಯಾಡಿಸಿದ. ಅವನ ತಲೆ ಆಡಿದ್ದನ್ನು ನಂಬಬಹುದು. ಕೈ ಮಾತ್ರ ಅವನ ಮಾತು ಕೇಳುವುದಿಲ್ಲ.

ಆ ಹಾಡಿನ ಹೆಸರು 'ಬಾಗಿಲು ತೆಗಿ ಭಾನುವಾರ'. ಅರವತ್ತರ ದಶಕದಲ್ಲಿ ಐದು ಜನ ಹುಡುಗರ ತಂಡವೊಂದು ಹಾಡಿದ್ದು. ಒಂದು ಬೇಸಿಗೆ ಪೂರ್ತಿ ಊರಿನ ಬಾಯಲ್ಲಿ ಅದೇ ಇತ್ತಂತೆ. ಆಮೇಲೆ ಆ ತಂಡ ಏನು ಹಾಡಿದರೂ ಯಾರೂ ಕೇಳಲಿಲ್ಲ. ರೆಕಾರ್ಡಿನ ಕವರ್ ಮೇಲೆ ಹಣೆಗೆ ಕೂದಲು ಇಳಿಬಿಟ್ಟು, ಡ್ರಮ್ಮಿನ ಕೋಲುಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಕೊನೆಯಲ್ಲಿ ನಿಂತಿರುವವನು ನಮ್ಮಪ್ಪ. ಹಾಡು ಶುರುವಾಗುವುದೇ ಡ್ರಮ್ಮಿನಿಂದ. ಮುಚ್ಚಿದ ಬಾಗಿಲನ್ನು ಯಾರೋ ಗುದ್ದುತ್ತಿರುವ ಹಾಗೆ ಬರೀ ಡ್ರಮ್ಮು, ಅದು ನಿಂತ ಕೂಡಲೇ ಹಾಡುವವನ ದನಿ. ಆ ಶುರುವಿನಿಂದಲೇ ಹಾಡು ಗೆದ್ದಿತು ಎಂದು ಅಪ್ಪ ಹೇಳದ ದಿನವಿಲ್ಲ.

ನಮ್ಮ ಮನೆಯಲ್ಲಿ ಆ ರೆಕಾರ್ಡು ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿತ್ತು. ಹಾಕಿ ಕೇಳುವ ಯಂತ್ರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಪ್ಪ ಸಂಜೆ ಮನೆಗೆ ಬಂದರೆ ಮುಷ್ಟಿಯಿಂದ ಬಾಗಿಲಿಗೆ ಅದನ್ನೇ ಬಾರಿಸುತ್ತಿದ್ದ. ಢಬ್, ಢಬ್, ಢಬ್ಬಢಬ್, ಢಬ್ಬಢಬ್, ಕೊನೆಗೆ ಎಲ್ಲಕ್ಕಿಂತ ಜೋರಾಗಿ ಒಂದು, ಢಬ್. ಒಟ್ಟು ಏಳು. ಬಾಗಿಲು ತೆಗೆದ ಮೇಲೆ ಅದೇ ಏಳು ನಮ್ಮ ಬೆನ್ನ ಮೇಲೆ. ಸಾರು ತಣ್ಣಗಿದ್ದರೆ, ಚಪ್ಪಲಿ ಅಡ್ಡ ಇದ್ದರೆ, ಏನೂ ಇಲ್ಲದಿದ್ದರೆ ಏನೂ ಇಲ್ಲವಲ್ಲ ಅಂತ. ಕೆಲವೊಮ್ಮೆ ಅಂಗೈ, ಕೆಲವೊಮ್ಮೆ ಬೆಲ್ಟು, ಹೆಚ್ಚು ಕುಡಿದಿದ್ದರೆ ಆ ಕೋಲುಗಳೇ. ಅಮ್ಮ ಒಂದು ದಿನ ಕಸ ಹಾಕಿ ಬರ್ತೀನಿ ಅಂತ ಹೋದವಳು ತಿರುಗಿ ಬರಲಿಲ್ಲ. ಅಂದಿನಿಂದ ಅಣ್ಣನೇ ನನ್ನ ಮುಂದೆ ನಿಲ್ಲುತ್ತಿದ್ದ. ನಿಂತು, ಬಲಗೈಯನ್ನು ಹಿಂದಕ್ಕೆ ಚಾಚುತ್ತಿದ್ದ. ನಾನು ಹಿಡಿದುಕೊಳ್ಳುತ್ತಿದ್ದೆ. ಒಂದೊಂದು ಏಟು ಬಿದ್ದಾಗಲೂ ಅವನು ನನ್ನ ಬೆರಳು ಅಮುಕುತ್ತಿದ್ದ, ಇಷ್ಟಾಯಿತು, ಇನ್ನಿಷ್ಟೇ ಅಂತ. ಏಳನೆಯದು ಬಿದ್ದ ಮೇಲೆ ಇಬ್ಬರೂ ಉಸಿರು ಬಿಡುತ್ತಿದ್ದೆವು.

ರೇಡಿಯೊದಲ್ಲಿ ಆ ಹಾಡು ಬಂದರೆ ಮೊದಲ ಏಟಿಗೇ ನಾವಿಬ್ಬರೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದೆವು. ದೊಡ್ಡವರಾದ ಮೇಲೆ ಓಡುವುದು ಬಿಟ್ಟೆವು, ಸುಮ್ಮನೆ ರೇಡಿಯೊ ಆರಿಸುತ್ತಿದ್ದೆವು. ಇಷ್ಟಾದರೂ ಅಪ್ಪನ ಆ ಡ್ರಮ್ಮಿನ ಬಗ್ಗೆ ಹೊರಗಿನವರು ಯಾರಾದರೂ ಒಂದು ಮಾತಾಡಿದರೆ ಅಣ್ಣನ ಕಣ್ಣು ಕೆಂಪಾಗುತ್ತಿತ್ತು. ಯಾಕೆ ಅಂತ ನಾನು ಕೇಳಿಲ್ಲ. ಅಷ್ಟು ಏಟು ತಿಂದಿದ್ದೇವೆ, ಅದು ಒಂದು ದೊಡ್ಡ ಹಾಡಿನದಾದರೂ ಆಗಿರಲಿ ಅಂತ ಇದ್ದೀತು. ನನಗಂತೂ ಹಾಗೇ ಇತ್ತು.

ಟೈರ್ ಅಂಗಡಿಯವನು ಅವತ್ತು ಬಾರಿನಲ್ಲಿ ಅಂದದ್ದು ಇಷ್ಟೇ: "ನಿಮ್ಮಪ್ಪ ಆ ರೆಕಾರ್ಡಿನಲ್ಲಿ ಬಾರಿಸೇ ಇಲ್ಲ ಮಾರಾಯ, ಆ ಕಾಲದಲ್ಲಿ..." ಮುಂದಿನದು ಹೇಳಲು ಅವನಿಗೆ ದವಡೆ ಇರಲಿಲ್ಲ.

ಅದಾಗಿ ಒಂದು ವರ್ಷವೂ ಆಗಿರಲಿಲ್ಲ, ಅದೇ ಬಾರಿನಲ್ಲಿ ಅರವತ್ತರ ದಶಕದ ಹಾಡುಗಳ ಕ್ವಿಜ್ ಇಟ್ಟರು. ಮುಖ್ಯ ಅತಿಥಿ ನಮ್ಮಪ್ಪ. ಸುದ್ದಿ ನನಗೆ ಕೆಲಸದ ಜಾಗದಲ್ಲೇ ಸಿಕ್ಕಿತು. ನಾನು ಕೆಲಸ ಮಾಡುವುದು ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ, ಇಸ್ತ್ರಿ ಯಂತ್ರದ ಮುಂದೆ. ಒದ್ದೆ ಚಾದರ ಒಳಗೆ ಹಾಕಿ ಮೇಲಿನ ಬಿಸಿ ಹಲಗೆ ಎಳೆದರೆ ಉಸ್ಸೆಂದು ಹಬೆ ಮುಖಕ್ಕೆ ರಾಚುತ್ತದೆ. ದಿನವಿಡೀ ಅದೇ. ಆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹಬೆಯ ವಾಸನೆಯಲ್ಲೇ ಅಣ್ಣನ ಹತ್ತಿರ ಓಡಿದೆ.

ಅಣ್ಣ ಮಾಂಸದ ಮಳಿಗೆಯಲ್ಲಿ ಕತ್ತರಿಸುವವನು. ಅವನ ಕೋಣೆಯಲ್ಲಿ ಕೊಕ್ಕೆಗಳಿಗೆ ತಲೆಕೆಳಗಾಗಿ ನೇತುಬಿಟ್ಟ ಕುರಿಗಳು, ನೆಲದ ಮೇಲೆ ಮರದ ಹೊಟ್ಟು, ಗೋಡೆಯ ಪಕ್ಕ ಸದಾ ಹರಿಯುವ ನೀರಿನ ಪೈಪು. ಎಡಗೈಗೆ ಉಕ್ಕಿನ ಸಣ್ಣ ಬಳೆಗಳನ್ನು ಹೆಣೆದ ಕೈಗವಸು ಹಾಕಿಕೊಂಡು, ಬಲಗೈಯಲ್ಲಿ ಮಚ್ಚು ಹಿಡಿದು ಎಲುಬು ಕಡಿಯುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. ಢಬ್, ಢಬ್, ಢಬ್ಬಢಬ್, ಢಬ್ಬಢಬ್, ಢಬ್. ಅವನಿಗೆ ಗೊತ್ತೇ ಇಲ್ಲ, ಅವನ ಕೈ ಹಾಗೆಯೇ ಕಡಿಯುವುದು.

"ಭಾನುವಾರ ಬರ್ತೀಯಾ?" ಅಂದೆ.

"ಬರದೆ ಇರ್ತೀನಾ? ಅಪ್ಪನಿಗೆ ವೇದಿಕೆ ಮೇಲೆ ಕುರ್ಚಿ ಹಾಕ್ತಾರಂತೆ ಕಣೆ. ಕೈ ಇರೋ ಕುರ್ಚಿ."

"ಟೈರಿನವನೂ ಬರ್ತಾನಂತೆ."

"ಬರಲಿ. ದವಡೆ ಸರಿಹೋಯ್ತಾ ಅಂತ ಕೇಳ್ತೀನಿ."

"ಅಣ್ಣಾ!"

"ಬಾಯಲ್ಲಿ ಕೇಳ್ತೀನಿ ಅಂದೆ. ಕೈಯಲ್ಲಿ ಅಂದ್ನಾ?"

"ಎರಡು ವರ್ಷ ಕಣೋ. ನೀನು ಒಳಗೆ ಹೋದ್ರೆ ನನಗೆ ಯಾರಿದ್ದಾರೆ? ನನ್ನ ಮಗಳಿಗೆ ಯಾರಿದ್ದಾರೆ?"

ಅವನು ಮಚ್ಚನ್ನು ಕೊರಡಿಗೆ ಕಚ್ಚಿಸಿ ನನ್ನನ್ನು ನೋಡಿದ. ಗಲ್ಲದ ಮೇಲೆ ಎಲುಬಿನ ಚೂರು ಅಂಟಿತ್ತು. "ಹಾಗಾದ್ರೆ ಒಂದು ಕೆಲಸ ಮಾಡು. ನೀನು ನನ್ನ ಬಲಕ್ಕೆ ಕೂತ್ಕೋ. ಈ ಕೈ ಹಿಡ್ಕೊಂಡಿರು. ಬಿಡಬೇಡ. ನಾನು ಬಿಡು ಅಂದ್ರೂ ಬಿಡಬೇಡ. ನೀನು ಬಿಡದೆ ಇದ್ರೆ ನಾನು ಹೊಡೆಯಲ್ಲ."

"ಊಟ ಹೇಗೆ ಮಾಡ್ತೀಯ?"

"ಬಾರಿಗೆ ಯಾವನು ಊಟ ಮಾಡೋಕೆ ಹೋಗ್ತಾನೆ? ಗ್ಲಾಸು ಎಡಗೈಯಲ್ಲೂ ಎತ್ತಬಹುದು."

ಭಾನುವಾರ ಮಧ್ಯಾಹ್ನ ಅಪ್ಪನ ಮನೆಗೆ ಹೋಗಿ ಹಳೆಯ ನೀಲಿ ಕೋಟು ತೊಡಿಸಿದೆ. ಮಗಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟಿದ್ದೆ. ಅಪ್ಪನ ಮನೆಗೆ ಅವಳನ್ನು ನಾನು ಕರೆದುಕೊಂಡು ಹೋಗುವುದೇ ಇಲ್ಲ. ಕೋಟಿನ ಗುಂಡಿ ಹೊಟ್ಟೆಯ ಮೇಲೆ ಕೂಡಲಿಲ್ಲ. "ಬಿಚ್ಚೇ ಇರಲಿ ಅಪ್ಪಾ, ಚೆನ್ನಾಗಿ ಕಾಣ್ತೀರಾ" ಅಂದೆ. ಕೆನ್ನೆಗೆ ಫಟಾರೆಂದು ಬಿತ್ತು. ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲುವ ಮೊದಲೇ ಅಪ್ಪ ಕನ್ನಡಿಯ ಮುಂದೆ ಕೂದಲು ಬಾಚಿಕೊಳ್ಳುತ್ತಾ, "ನನ್ನ ಹೊಟ್ಟೆ ಬಗ್ಗೆ ನೀನು ಹೇಳ್ತೀಯಾ? ಇಡೀ ಊರು ಕುಣಿದಿದ್ದು ಈ ಕೈಗೆ ಕಣೇ" ಎಂದ. ಆಮೇಲೆ ಡ್ರಮ್ಮಿನ ಕೋಲುಗಳನ್ನು ಕೋಟಿನ ಒಳಜೇಬಿಗೆ ಸೇರಿಸಿದ.

ಬಾರು ಕಿಕ್ಕಿರಿದಿತ್ತು. ಅಲ್ಲಿಯ ಕ್ವಿಜ್‌ಗೆ ಅದರದ್ದೇ ಕ್ರಮ. ಪ್ರತಿ ಮೇಜಿಗೂ ಮರದ ಚೌಕಟ್ಟಿನ ಒಂದು ಸ್ಲೇಟು, ಒಂದು ಸೀಮೆಸುಣ್ಣ. ಪ್ರಶ್ನೆ ಕೇಳಿದ ಮೇಲೆ ಗಂಟೆ ಬಾರಿಸಿದಾಗ ಎಲ್ಲರೂ ಒಟ್ಟಿಗೆ ಸ್ಲೇಟು ಎತ್ತಬೇಕು. ಉತ್ತರದ ಬಗ್ಗೆ ತಕರಾರು ಬಂದರೆ ಬಾರಿನ ಯಜಮಾನಿ ಕಪಾಟಿನಿಂದ ಆ ರೆಕಾರ್ಡನ್ನೇ ತೆಗೆದು ಹಾಕುತ್ತಾಳೆ. ಅದು ನುಡಿದದ್ದೇ ತೀರ್ಪು, ಮುಂದೆ ಯಾರೂ ಉಸಿರೆತ್ತುವಂತಿಲ್ಲ. ಅವಳ ಗಂಡ ಸಾಯುವಾಗ ಬಿಟ್ಟುಹೋದದ್ದು ಈ ಬಾರು ಮತ್ತು ಒಂದು ಗೋಡೆ ತುಂಬಾ ಆ ಕಾಲದ ರೆಕಾರ್ಡುಗಳು. "ಗಂಡನಿಗಿಂತ ಇವೇ ವಾಸಿ, ಬೇಡ ಅಂದಾಗ ಸುಮ್ಮನಾಗ್ತಾವೆ" ಅನ್ನುತ್ತಾಳೆ.

ಪ್ರಶ್ನೆ ಕೇಳುವವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಮೈಕ್ ಹಿಡಿದರೂ ಅವರ ಬಾಯಲ್ಲಿ ಅದೇ ಭಾಷೆ. "ಸೀಟ್ ಬೆಲ್ಟ್ ಹಾಕ್ಕೊಳ್ಳಿ. ಸಿಗ್ನಲ್ ಕೊಡದೆ ಉತ್ತರ ಬದಲಾಯಿಸಬೇಡಿ. ಪಕ್ಕದವರ ಸ್ಲೇಟು ಕನ್ನಡಿಯಲ್ಲಿ ನೋಡಬೇಡಿ." ವೇದಿಕೆಯ ಮೇಲೆ ಕೈಯಿರುವ ಕುರ್ಚಿಯಲ್ಲಿ ಅಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಾವಿಬ್ಬರು ಮುಂದಿನ ಮೇಜಿನಲ್ಲಿ. ಮೇಜಿನ ಕೆಳಗೆ ಅಣ್ಣನ ಬಲಗೈ ನನ್ನ ಎರಡೂ ಕೈಗಳ ನಡುವೆ ಇತ್ತು. ಬೆಚ್ಚಗೆ, ಒರಟಾಗಿ, ಹಿಡಿದ ಪ್ರಾಣಿಯ ಹಾಗೆ ಒಳಗೊಳಗೇ ಮಿಡುಕುತ್ತಿತ್ತು.

ಪಕ್ಕದ ಮೇಜಿನಲ್ಲಿ ಟೈರ್ ಅಂಗಡಿಯವನು. ಅವನ ಮುಖ ಈಗ ಒಂದು ಕಡೆಗೆ ಸ್ವಲ್ಪ ವಾಲಿದೆ, ನಕ್ಕರೆ ಅರ್ಧ ಮಾತ್ರ ನಗುತ್ತದೆ.

"ಏನಪ್ಪಾ ಮಾಂಸದಂಗಡಿ, ತಂಗಿ ಕೈ ಹಿಡ್ಕೊಂಡು ಬಂದಿದ್ದೀಯಾ? ಕತ್ತಲಂದ್ರೆ ಭಯವಾ?"

ಅಣ್ಣನ ಬೆರಳುಗಳು ಮುದುಡಿದವು. ನಾನು ಅಮುಕಿದೆ. "ದವಡೆ ಹೇಗಿದೆ?" ಅಂದ ಅಣ್ಣ, ಬಾಯಲ್ಲೇ.

"ಚಳಿಗೆ ನೋಯುತ್ತೆ. ನಿನ್ನನ್ನ ನೆನೆಸ್ಕೋತೀನಿ."

ಪ್ರಶ್ನೆಗಳು ಶುರುವಾದವು. ಮೂರು ನಿಮಿಷ ದಾಟಿದ ಹಾಡನ್ನು ಆಗ ರೇಡಿಯೊದವರು ಹಾಕುತ್ತಿರಲಿಲ್ಲ, ಆದರೂ ಒಂದು ಉದ್ದದ ಹಾಡು ದಿನವಿಡೀ ಕೇಳಿಬಂತು, ಹೇಗೆ? ರೆಕಾರ್ಡಿನ ಲೇಬಲ್ ಮೇಲೆ ಸಮಯ ಕಡಿಮೆ ಅಚ್ಚು ಹಾಕಿಸಿದ್ದರು. ಇದನ್ನು ನಾವೂ ಬರೆದಿದ್ದೆವು, ಟೈರಿನವರೂ ಬರೆದಿದ್ದರು. ಒಂದು ಪ್ರೇಮಗೀತೆಯ ನಡುವೆ ಕುರ್ಚಿ ಕಿರ್ ಅನ್ನುತ್ತದೆ, ಕೂತಿದ್ದವರು ಯಾರು? ಯಾರಿಗೂ ಗೊತ್ತಿರಲಿಲ್ಲ. "ಕಂಪನಿ ಮಾಲೀಕರ ಅತ್ತೆ" ಎಂದರು ಮೇಷ್ಟ್ರು. "ಅಮ್ಮಾ ಏಳಿ ಅನ್ನೋ ಧೈರ್ಯ ಯಾರಿಗೂ ಇರಲಿಲ್ಲ, ಹಾಗೇ ಅಚ್ಚಾಯ್ತು." ಬಾರಿಗೆ ಬಾರೇ ನಕ್ಕಿತು. ಅಣ್ಣನೂ ನಕ್ಕ. ಅವನ ಕೈ ಸ್ವಲ್ಪ ಸಡಿಲವಾಯಿತು. ಬರೀ ಜಾಗ ತುಂಬಿಸಲು ರೆಕಾರ್ಡಿನ ಹಿಂಬದಿಗೆ ಹಾಕಿದ ಹಾಡು ಮುಂಬದಿಯದನ್ನು ಸೋಲಿಸಿದ್ದು, ಹಾಡುವವನಿಗೆ ನೆಗಡಿಯಾಗಿದ್ದರಿಂದಲೇ ಮೆಚ್ಚುಗೆ ಪಡೆದ ದನಿ, ಇಂಥವೇ. ನಮ್ಮ ಮೇಜೂ ಟೈರಿನವರ ಮೇಜೂ ಸಮಸಮ ನಡೆದವು. ಇದು ಹೀಗೇ ಮುಗಿದರೆ ಸಾಕು, ನಾನು ಇವನ ಕೈ ಹಿಡಿದುಕೊಂಡೇ ಮನೆಗೆ ಬಿಟ್ಟುಬರುತ್ತೇನೆ ಅಂದುಕೊಂಡೆ.

"ಈಗ ನಮ್ಮ ಅತಿಥಿಗಳ ಗೌರವಕ್ಕೆ ಒಂದು ಸುಲಭದ್ದು" ಎಂದರು ಮೇಷ್ಟ್ರು. "ಬರೀ ಮೊದಲ ಗೇರು. 'ಬಾಗಿಲು ತೆಗಿ ಭಾನುವಾರ' ಹಾಡಿನಲ್ಲಿ ದನಿ ಬರೋದಕ್ಕೆ ಮುಂಚೆ ಡ್ರಮ್ಮಿನ ಏಟು ಎಷ್ಟು?"

ಎಲ್ಲರೂ ನಮ್ಮ ಕಡೆ ನೋಡಿ ಚಪ್ಪಾಳೆ ತಟ್ಟಿದರು. ಅಣ್ಣ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಸೊಟ್ಟಗೆ, ಸ್ಲೇಟು ತುಂಬುವ ಹಾಗೆ ಏಳು ಎಂದು ಬರೆದ. ವೇದಿಕೆಯ ಮೇಲೆ ಅಪ್ಪ ಕುರ್ಚಿಯ ಕೈಯ ಮೇಲೆ ಬಾರಿಸಿಯೂ ತೋರಿಸಿದ. ಕೊನೆಯದು ಜೋರಾಗಿ ಬಿದ್ದಾಗ ನನ್ನ ಬೆನ್ನಿನ ಚರ್ಮ ತಾನಾಗಿ ಬಿಗಿಯಿತು.

ಗಂಟೆ ಬಾರಿಸಿತು. ಸ್ಲೇಟುಗಳು ಎದ್ದವು. ನಮ್ಮದು ಏಳು. ಟೈರಿನವನದು ಆರು.

ಮೇಷ್ಟ್ರು ಕೈಯಲ್ಲಿದ್ದ ಚೀಟಿ ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಚೀಟಿ ನೋಡಿದರು. ಮೈಕಿನಲ್ಲಿ ಅವರು ಎಂಜಲು ನುಂಗಿದ ಸದ್ದು ಕೇಳಿಸಿತು. "ಇಲ್ಲಿ... ಆರು ಅಂತ ಇದೆ."

"ಯಾವ ಕತ್ತೆ ಬರೆದದ್ದು ಅದು?" ಅಪ್ಪ ಗುಡುಗಿದ. "ಬಾರಿಸಿದವನು ನಾನು!"

"ನಾವು ಹುಟ್ಟಿದಾಗಿಂದ ಎಣಿಸಿದ್ದೀವಿ ಮೇಷ್ಟ್ರೇ" ಎಂದ ಅಣ್ಣ. ಅವನ ದನಿಯಲ್ಲಿ ಒಂದು ವಿಚಿತ್ರ ಹೆಮ್ಮೆ ಇತ್ತು. "ನಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರೋಕೆ ಸಾಧ್ಯವಿಲ್ಲ. ರೆಕಾರ್ಡ್ ಹಾಕಿ."

"ರೆಕಾರ್ಡ್ ಬೇಡ" ಎಂದ ಅಪ್ಪ, ತಟ್ಟನೆ. ಆ ತಟ್ಟನೆಯೇ ನನ್ನ ಕಿವಿಗೆ ಬಡಿಯಿತು.

ಆದರೆ ಕ್ರಮ ಕ್ರಮವೇ. ಯಜಮಾನಿ ಆಗಲೇ ಕಪಾಟಿನಿಂದ ರೆಕಾರ್ಡು ತೆಗೆದು, ಸೆರಗಿನಿಂದ ಒರೆಸಿ, ಮುಳ್ಳು ಇಳಿಸಿದ್ದಳು. ಸರಸರ ಸದ್ದು. ಓಡಿ ಹೋಗಬೇಕು ಅನ್ನಿಸಿತು, ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು. ಎರಡೂ ಕೈ ಅಣ್ಣನಲ್ಲಿ ಸಿಕ್ಕಿಕೊಂಡಿದ್ದವು. ಹಾಗಾಗಿ ಜೀವನದಲ್ಲಿ ಮೊದಲ ಸಲ ಆ ಶುರುವನ್ನು ಪೂರ್ತಿ ಕೇಳಿದೆ.

ಢಬ್. ಢಬ್. ಢಬ್ಬಢಬ್. ಢಬ್ಬಢಬ್.

ಅಣ್ಣನ ಬೆರಳುಗಳು ಒಂದೊಂದಕ್ಕೂ ನನ್ನ ಬೆರಳು ಅಮುಕಿದವು. ಏಳನೆಯದಕ್ಕೂ ಅಮುಕಿದವು. ಅಲ್ಲಿ ಏಟಿರಲಿಲ್ಲ. ಅಲ್ಲಿ ಒಬ್ಬ ಹುಡುಗನ ಮೆತ್ತಗಿನ ದನಿ ಇತ್ತು.

"ಇನ್ನೊಂದು ಸಲ" ಎಂದ ಅಣ್ಣ. ಯಜಮಾನಿ ಇನ್ನೊಂದು ಸಲ ಹಾಕಿದಳು. ಆರು.

"ಗೀರು ಬಿದ್ದಿದೆ" ಎಂದ ಅಪ್ಪ. ಅವನ ಹಣೆಯ ಮೇಲೆ ಬೆವರು ಮೂಡಿತ್ತು. "ಸವೆದು ಹೋಗಿದೆ ಅದು."

ಟೈರ್ ಅಂಗಡಿಯವನು ಎದ್ದು ನಿಂತ. ನಗುತ್ತಿರಲಿಲ್ಲ. "ಅವತ್ತು ನೀನು ಮಾತು ಪೂರ್ತಿ ಮಾಡೋಕೆ ಬಿಡಲಿಲ್ಲ" ಎಂದ, ಅಣ್ಣನಿಗೆ. "ನನ್ನ ಸೋದರಮಾವ ಆ ಸ್ಟುಡಿಯೊದಲ್ಲಿ ವೈರ್ ಎಳೀತಿದ್ದ. ಬೆಳಿಗ್ಗೆಯಿಂದ ನಿಮ್ಮಪ್ಪನೇ ಬಾರಿಸಿದ. ಆರಕ್ಕೆ ನಿಲ್ಲಿಸಯ್ಯಾ, ಆರಕ್ಕೆ ನಿಲ್ಲಿಸು ಅಂತ ಬಡ್ಕೊಂಡ್ರಂತೆ. ಕೈ ನಿಲ್ಲಬೇಕಲ್ಲ! ಪ್ರತಿ ಸಲವೂ ಒಂದು ಜಾಸ್ತಿ ಬೀಳೋದು, ಹಾಡೋವನ ಮೊದಲ ಮಾತಿನ ತಲೆ ಮೇಲೆ. ಮಧ್ಯಾಹ್ನ ಆಚೆ ಬೆಂಚಿನ ಮೇಲೆ ಕೂರಿಸಿ, ಬಾಡಿಗೆಗೆ ಒಬ್ಬನನ್ನ ಕರೆಸಿದ್ರು. ಆ ಕಾಲದಲ್ಲಿ ಅದೇನು ದೊಡ್ಡದಲ್ಲ, ಎಷ್ಟೋ ತಂಡಗಳಿಗೆ ಹಾಗೇ ಆಗಿದೆ. ಬಂದವನು ಆರು ಹೊಡೆದ, ಎದ್ದು ಹೋದ. ಅವನ ಹೆಸರೂ ಯಾರಿಗೂ ಗೊತ್ತಿಲ್ಲ."

ನಾನು ಅಪ್ಪನ ಮುಖ ನೋಡಿದೆ. ಸುಳ್ಳಾಗಿದ್ದರೆ ಅಪ್ಪ ಬೈಯುತ್ತಿದ್ದ. ಅವನು ಬೈಯಲಿಲ್ಲ. ಮುಖದಲ್ಲಿ ಬಣ್ಣವೇ ಇರಲಿಲ್ಲ, ಬೆಂಚಿನ ಮೇಲೆ ಕೂತ ಹುಡುಗನ ಮುಖ ಅದು.

ಅಷ್ಟು ಹೊತ್ತೇ. ಮರುಕ್ಷಣ ಅಪ್ಪ ವೇದಿಕೆಯಿಂದ ಹಾರಿ, ನಮ್ಮ ಮೇಜಿನ ಸ್ಲೇಟು ಕಿತ್ತುಕೊಂಡು, ಅದರ ಅಂಚನ್ನು ಟೈರಿನವನ ಬಾಯಿಗೆ ಗುದ್ದಿದ. ಮರ ಎಲುಬಿಗೆ ತಾಗಿದ ಸದ್ದು ನನಗೆ ಅಣ್ಣನ ಕೋಣೆಯಿಂದ ಪರಿಚಯ. ಹಲ್ಲೊಂದು ಮೇಜಿನ ಮೇಲೆ ಉರುಳಿತು. ಇನ್ನೊಂದು ಗುದ್ದಿಗೆ ಸ್ಲೇಟು ಎರಡು ಹೋಳಾಯಿತು, ಅವನ ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಟೈರಿನವನು ಹಿಂದಿದ್ದ ಕುರ್ಚಿ ಸಮೇತ ಬಿದ್ದ. ಗ್ಲಾಸುಗಳು ಒಡೆದವು, ಜನ ಗೋಡೆಗೆ ಒತ್ತಿಕೊಂಡರು. "ಬ್ರೇಕ್! ಬ್ರೇಕ್!" ಎಂದು ಮೇಷ್ಟ್ರು ಮೈಕಿನಲ್ಲೇ ಕಿರುಚಿದರು. ಯಾರೂ ನಗಲಿಲ್ಲ.

ಅಪ್ಪ ಬಿದ್ದವನ ಪಕ್ಕೆಗೆ ಒದ್ದ. ಒದೆಯುತ್ತಲೇ ಅಣ್ಣನ ಕಡೆ ತಿರುಗಿದ. "ಏನ್ ನೋಡ್ತಿದ್ದೀಯೋ? ಹೊಡಿ! ನಿಮ್ಮಪ್ಪನ ಮರ್ಯಾದೆ ಹೋಗ್ತಿದೆ, ಹೊಡಿಯೋ!"

ಅಣ್ಣ ಎದ್ದಿದ್ದ. ಅವನ ಜೊತೆ ನಾನೂ ಎದ್ದಿದ್ದೆ, ಕೈ ಬಿಟ್ಟಿರಲಿಲ್ಲ. ಅವನ ತೋಳಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಅವನು ಎಳೆದರೆ ನಾನು ತಡೆಯುತ್ತಿರಲಿಲ್ಲ, ಅಷ್ಟು ಬಲ ನನಗೆಲ್ಲಿಂದ? ಅವನು ಎಳೆಯಲಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ, ಬಿದ್ದವನ ಮೇಲೆ ಬಗ್ಗಿ, ಬೆನ್ನನ್ನು ಅಪ್ಪನ ಕಡೆ ಮಾಡಿ ನಿಂತ. ಬಲಗೈ ಹಿಂದಕ್ಕೆ ಚಾಚಿಯೇ ಇತ್ತು, ನನ್ನ ಕೈಯಲ್ಲಿ. ಚಿಕ್ಕಂದಿನಲ್ಲಿ ನನ್ನ ಮುಂದೆ ನಿಲ್ಲುತ್ತಿದ್ದ ಹಾಗೆಯೇ.

ಅಪ್ಪನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಕೋಟಿನೊಳಗೆ ಕೈ ಹಾಕಿ ಎರಡೂ ಕೋಲುಗಳನ್ನು ಒಟ್ಟಿಗೆ ಎಳೆದ.

"ನನ್ನ ಮಗನಾ ನೀನು?"

ಢಬ್. ಅಣ್ಣನ ಅಂಗಿ ಹರಿಯಿತು. ಅವನು ನನ್ನ ಬೆರಳು ಅಮುಕಿದ. ಢಬ್. ಮತ್ತೆ ಅಮುಕಿದ. ಢಬ್ಬಢಬ್. ಭುಜದ ಮೇಲೆ ಚರ್ಮ ಬಿರಿದು ಕೆಂಪು ಗೆರೆ ಕಾಣಿಸಿತು. ಅಣ್ಣ ಹಲ್ಲು ಕಚ್ಚಿದ್ದ, ಕೆಳಗೆ ಟೈರಿನವನು ಒಂದೇ ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದ. ಬಾರಿನಲ್ಲಿ ಯಾರೂ ಕದಲಲಿಲ್ಲ, ಎಲ್ಲರಿಗೂ ಆ ತಾಳ ಗೊತ್ತಿತ್ತು, ಎಲ್ಲರೂ ಅದನ್ನು ಪ್ರೀತಿಸಿದವರೇ. ಢಬ್ಬಢಬ್.

ಆರು. ಅಪ್ಪನ ಕೈ ಮೇಲಕ್ಕೆ ಹೋಯಿತು, ಬೇರೆಲ್ಲಕ್ಕಿಂತ ಎತ್ತರಕ್ಕೆ. ಅಣ್ಣನ ಬೆರಳು ಏಳನೆಯದಕ್ಕೆ ಸಿದ್ಧವಾಗಿ ನನ್ನ ಬೆರಳಿನ ಮೇಲೆ ಕೂತಿತ್ತು. ಅದು ಬೀಳುವುದಕ್ಕೆ ಅವನು ಕಾಯುತ್ತಿದ್ದ. ನಾನೂ ಕಾಯುತ್ತಿದ್ದೆ! ಅದು ಗೊತ್ತಾದ ಕೂಡಲೇ ಮೈಯೆಲ್ಲ ಉರಿಯಿತು. ಬಿಡಬೇಡ ಅಂದಿದ್ದ. ಬಿಟ್ಟರೆ ಈ ಕೈ ಏನು ಮಾಡೀತೋ, ಎಲುಬು ಕಡಿಯುವ ಕೈ. ಎರಡು ವರ್ಷವೋ, ಇಪ್ಪತ್ತೋ. ಆದರೆ ಅವನನ್ನು ಈಗ ಅಲ್ಲಿ ಕಟ್ಟಿಹಾಕಿದ್ದವಳು ನಾನೇ.

ಬಿಟ್ಟೆ.

ಅಣ್ಣ ತಿರುಗಿದ. ಕೋಲುಗಳು ಇಳಿಯುತ್ತಿದ್ದಂತೆ ಅವುಗಳನ್ನೂ ಅಪ್ಪನ ಮುಷ್ಟಿಯನ್ನೂ ಒಟ್ಟಿಗೆ ಗಾಳಿಯಲ್ಲೇ ಹಿಡಿದ. ಹಿಡಿದು ಹಾಗೇ ನಿಂತ. ಅಪ್ಪ ಎಡಗೈಯಿಂದ ಅವನ ಮುಖಕ್ಕೆ ಗುದ್ದಿದ, ತುಟಿ ಒಡೆಯಿತು. ಅಣ್ಣನ ಎಡಗೈ ಕೆಳಗೇ ಇತ್ತು, ಮುಷ್ಟಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿತು. ನಾನು ಕಣ್ಣು ಮುಚ್ಚಲಿಲ್ಲ.

"ಆರೇ ಅಪ್ಪಾ" ಎಂದ ಅಣ್ಣ. ದನಿ ಏರಿಸಲಿಲ್ಲ. "ಆರಕ್ಕೆ ಮುಗಿಯುತ್ತೆ ಅದು."

"ಬಿಡೋ ಕೈ!"

"ನಮಗೆ ಹೇಳಲೇ ಇಲ್ಲವಲ್ಲ ನೀವು. ಒಂದು ಹೆಚ್ಚಿಗೆ ತಿಂದಿದ್ದೀವಿ ನಾವು, ದಿನಾ."

ಅಪ್ಪನ ಬೆರಳುಗಳು ಬಿಚ್ಚಿಕೊಳ್ಳುವವರೆಗೆ ಅವನು ಹಿಡಿದೇ ಇದ್ದ. ಕೋಲುಗಳು ಒಡೆದ ಗಾಜಿನ ಮೇಲೆ ಬಿದ್ದು ಉರುಳಿದವು. ಅಪ್ಪ ಹೆಣಗಿ, ಬೈದು, ಉಗುಳಿ, ಕೊನೆಗೆ ಮಂಡಿ ಕುಸಿದು ಕೂತ. ಅಣ್ಣ ಆಗ ಬಿಟ್ಟ.

ಪೊಲೀಸಿನವನು ಬಂದಾಗ ಮೊದಲು ಕಂಡದ್ದು ಅಣ್ಣನ ಮುಖ. ನೆಲದ ಮೇಲೆ ಅದೇ ಟೈರಿನವನು, ರಕ್ತ. ಅಲ್ಲಿ ನಿಂತಿರುವವನು ಅದೇ ಮಾಂಸದಂಗಡಿಯವನು. "ಮತ್ತೆ ನೀನೇನಾ? ನಾಚಿಕೆ ಆಗಲ್ವಾ ನಿನಗೆ?" ಎಂದು ಅವನ ತೋಳಿಗೆ ಕೈ ಹಾಕಿದ. "ಇವನಲ್ಲ ಸಾರ್, ಇವನಲ್ಲ" ಎಂದು ನಾನು ಅಡ್ಡ ಹೋದೆ. "ನೀನು ತಂಗಿ, ನೀನು ಹಾಗೇ ಹೇಳ್ತೀಯ. ಪಕ್ಕಕ್ಕೆ ಹೋಗಮ್ಮಾ" ಎಂದ. ಜನರ ಕಡೆ ನೋಡಿದೆ. ಯಾರೂ ಬಾಯಿ ಬಿಡಲಿಲ್ಲ. ಅಪ್ಪ ಎಂದರೆ ಅವರ ಹಾಡು. ಮೇಷ್ಟ್ರು ಚೀಟಿಗಳನ್ನು ಜೋಡಿಸುತ್ತಿದ್ದರು.

ಟೈರಿನವನು ಮೊಣಕೈ ಊರಿ ಎದ್ದು ಕೂತ. ಬಾಯಲ್ಲಿದ್ದ ರಕ್ತ ಉಗುಳಿದ. ಅವನು ಒಂದು ಮಾತು ಹೇಳಿದರೆ ಅಣ್ಣ ಒಳಗೆ. ಅದಕ್ಕೆಂದೇ ಬಂದವನು ಅವನು, ನನಗೆ ಗೊತ್ತಿತ್ತು. ಬಂದ ಕೂಡಲೇ ಕೆಣಕಿದ್ದೂ ಅದಕ್ಕೇ.

"ಇವನಲ್ಲ ಸಾರ್" ಎಂದ, ಮಾತು ಎರಡೂ ಕಡೆ ಜಾರುತ್ತಾ. "ಇವನು ಹೊಡೆದಿದ್ರೆ ಮಾತಾಡೋಕೇ ಆಗ್ತಿರಲಿಲ್ಲ. ನನಗೆ ಅನುಭವ ಇದೆ." ಬೆರಳೆತ್ತಿ ಅಪ್ಪನನ್ನು ತೋರಿಸಿದ. "ಆ ಕಲಾವಿದರು."

ಅಪ್ಪನನ್ನು ಜೀಪಿಗೆ ಹತ್ತಿಸಿದರು. ನೀಲಿ ಕೋಟಿನ ಹೊಲಿಗೆ ಬೆನ್ನಲ್ಲಿ ಬಿಟ್ಟಿತ್ತು. ಹೋಗುವಾಗ ಅವನು ನಮ್ಮ ಕಡೆ ನೋಡಲಿಲ್ಲ.

ಯಜಮಾನಿ ಬಾಗಿಲು ಹಾಕಿ ಐಸು ಕೊಟ್ಟಳು. ಟೈರಿನವನನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಅಣ್ಣನ ಅಂಗಿ ಬಿಚ್ಚಿ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ನಿಲ್ಲಿಸಿ, ಬೆನ್ನು ತೊಳೆದೆ. ಅವನು ಒಂದು ಸಲವೂ ಹಾ ಅನ್ನಲಿಲ್ಲ.

"ಯಾಕೆ ಬಿಟ್ಟೆ?" ಎಂದ. "ಬಿಡಬೇಡ ಅಂದಿದ್ನಲ್ಲ."

"ಇನ್ನೊಂದು ಬೀಳ್ತಿತ್ತು."

"ನಾನು ಹೊಡೆದುಬಿಟ್ಟಿದ್ರೆ?"

"ಹೊಡೀಲಿಲ್ಲವಲ್ಲ."

ಅವನು ಯಜಮಾನಿಯ ಕಡೆ ತಿರುಗಿ, "ಅಕ್ಕಾ, ಅದನ್ನ ಪೂರ್ತಿ ಹಾಕ್ತೀರಾ?" ಎಂದ. ಅವಳು ನನ್ನ ಮುಖ ನೋಡಿದಳು. ನಾನು ಹೂಂ ಅಂದೆ.

ಆರು ಏಟು ಬಿದ್ದವು. ಏಳನೆಯದರ ಜಾಗದಲ್ಲಿ ಅಣ್ಣನ ಬೆನ್ನು ಸುಮ್ಮಸುಮ್ಮನೆ ಬಿಗಿದು ಸಡಿಲಾಯಿತು. ನನ್ನದೂ. ಆಮೇಲೆ ಆ ಹುಡುಗನ ದನಿ, ಹಿಂದೆ ಗಿಟಾರು. ಅದು ಬಾಗಿಲ ಹೊರಗೆ ನಿಂತ ಒಬ್ಬನ ಹಾಡು. ಒಳಗಿರುವವಳು ಬಾಗಿಲು ತೆಗೆಯುವುದಿಲ್ಲ. ಅವನು ಒಡೆಯುವುದೂ ಇಲ್ಲ. ಮೆಟ್ಟಿಲ ಮೇಲೆ ಕೂತು ಭಾನುವಾರಕ್ಕೆ ಕಾಯುತ್ತಾನೆ, ಅಷ್ಟೇ. ಇಷ್ಟು ವರ್ಷ ಗೋಡೆಯ ಮೇಲೆ ಗಾಜಿನೊಳಗಿದ್ದದ್ದು ಇದು.

"ಚೆನ್ನಾಗಿದೆ ಕಣೆ" ಎಂದ ಅಣ್ಣ, ಒಡೆದ ತುಟಿಗೆ ಐಸು ಒತ್ತಿಕೊಂಡು. "ಇಷ್ಟು ಮೆತ್ತಗಿದೆ ಅಂತ ಗೊತ್ತೇ ಇರಲಿಲ್ಲ."

ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತುತ್ತಿತ್ತು. ನಾಳೆ ಬೆಳಿಗ್ಗೆ ಅಪ್ಪನ ಜಾಮೀನಿಗೆ ಯಾರು ಹೋಗುವುದು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಯಜಮಾನಿ ಮೂಲೆಯಲ್ಲಿ ಗಾಜು ಗುಡಿಸುತ್ತಿದ್ದಳು. ಪೊರಕೆಗೆ ಸಿಕ್ಕಿದ ಎರಡು ಕೋಲುಗಳನ್ನು ಎತ್ತಿ ಹಿಡಿದು, "ಇವನ್ನೇನು ಮಾಡಲಿ?" ಎಂದಳು.

"ಒಲೆಗೆ ಹಾಕಿ" ಅಂದೆ ನಾನು.